ಮರೆತುಹೋಗುವ ಅಳತೆ

ಬಾವಿಯಿಂದ ಎರಡನೆಯ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವಾಗ ಸೇಸಮ್ಮನವರಿಗೆ ಅದು ಮತ್ತೆ ಗೊತ್ತಾಗುತ್ತದೆ. ನೋವಲ್ಲ. ಒಳಗೆ ಏನೋ ಒಂದು ತನ್ನ ಜಾಗ ಬಿಟ್ಟು ಇಳಿದ ಹಾಗೆ. ಕೊಡವನ್ನು ಕಟ್ಟೆಯ ಮೇಲೆ ಇಳಿಸಿ, ಉಸಿರು ಮೇಲಕ್ಕೆಳೆದುಕೊಂಡು ಅವರು ನಿಂತಲ್ಲೇ ನಿಲ್ಲುತ್ತಾರೆ. ಊರ ಹೆಂಗಸರಿಗೆಲ್ಲ ಅಳತೆ ನೋಡಿ ಬಳೆ ಹಾಕುವವಳು ನಾನು. ನನ್ನದೇ ನಿಲ್ಲುವುದಿಲ್ಲವೆಂದು ಯಾರಲ್ಲಿ ಹೇಳಲಿ? ಬಾವಿಗೂ ಕೇಳಿಸದ ಹಾಗೆ ತಮ್ಮನ್ನೇ ಹೀಗೆ ಕೇಳಿಕೊಂಡು, ಕೊಡದಿಂದ ಅರ್ಧ ನೀರು ಚೆಲ್ಲಿ, ಉಳಿದದ್ದನ್ನು ಎತ್ತಿಕೊಂಡು ಹಿತ್ತಲ ಒಲೆಯ ಕಡೆ ನಡೆಯುತ್ತಾರೆ.

ವಾಮದಪದವಿನ ಪೇಟೆ ಇನ್ನೂ ಎದ್ದಿಲ್ಲ. ಡಿಸೆಂಬರಿನ ಮಂಜು ಗುಡ್ಡೆಯಿಂದಿಳಿದು ಹೆರಿಗೆ ಕೇಂದ್ರದ ಹಂಚಿನವರೆಗೂ ಬಂದಿದೆ. ಎರಡು ಕೋಣೆ, ಒಂದು ಜಗಲಿ, ಹಿಂದೆ ಬಾವಿ: ಕೇಂದ್ರವೆಂದರೆ ಇಷ್ಟೇ. ಹಿತ್ತಲ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಯುತ್ತಿರುವುದು ಗಂಜಿಯಲ್ಲ, ರಬ್ಬರಿನ ಬಳೆಗಳು. ಕಂದು ಕೆಂಪು ಬಣ್ಣ, ಒಳಗೆ ತೆಳ್ಳಗಿನ ಸ್ಪ್ರಿಂಗ್. ಅದುಮಿದರೆ ಮಾವಿನ ಎಲೆಯ ಹಾಗೆ ನೀಳವಾಗುತ್ತದೆ, ಬಿಟ್ಟರೆ ಮತ್ತೆ ದುಂಡಗೆ. ಆಸ್ಪತ್ರೆಯವರು ಇದಕ್ಕೆ ಪೆಸರಿ ಎನ್ನುತ್ತಾರೆ. ಮೇಲಿಂದ ಮೇಲೆ ಹೆತ್ತು, ಹೆತ್ತ ಮೈಯಲ್ಲೇ ಭಾರ ಹೊತ್ತು, ಗರ್ಭಕೋಶ ಜಾರಿ ಕೆಳಗೆ ಬಂದ ಹೆಂಗಸರಿಗೆ ಒಳಗಿನಿಂದ ಆಧಾರ ಕೊಡುವ ಸಾಧನ ಇದು. ಮಂಗಳೂರಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳಲು ಆಗದವರಿಗೆ ಇದೇ ಗತಿ. ಇಲ್ಲಿಯ ಹೆಂಗಸರ ಬಾಯಲ್ಲಿ ಪೆಸರಿ ಎಂಬ ಶಬ್ದ ನಿಲ್ಲಲಿಲ್ಲ, ಬಳೆ ಎಂದೇ ಆಯಿತು. “ನರ್ಸಕ್ಕ, ನನಗೊಂದು ಬಳೆ ನೋಡ್ಬೇಕಿತ್ತು” ಎಂದು ಪೇಟೆಯ ನಡುವೆ ನಿಂತು ಕೇಂದ್ರದ ದಾದಿ ಸೇಸಮ್ಮನಿಗೆ ಹೇಳಿದರೂ ಪಕ್ಕದಲ್ಲಿರುವ ಗಂಡಸು ತಿರುಗಿ ನೋಡುವುದಿಲ್ಲ.

“ನಮ್ಮವರು ಒಮ್ಮೆ ನೋಡಿದ್ದರು” ಎನ್ನುತ್ತಾರೆ ಒಲೆಗೆ ತೆಂಗಿನ ಗರಿ ನೂಕುತ್ತಿರುವ ಖದೀಜ. ಕೇಂದ್ರದ ಆಯಾ ಅವರು. ಗಂಡ ಉಮ್ಮರ್‌ಗೆ ಪೇಟೆಯಲ್ಲಿ ಸೈಕಲ್ ರಿಪೇರಿ. “ಚೀಲದಲ್ಲಿ ಒಂದು ಉಳಿದಿತ್ತು. ಇದು ಯಾವ ಸೈಕಲಿನ ವಾಷರ್ ಅಂತ ಕೇಳಿದರು. ಹೆಂಗಸರ ಸೈಕಲಿನದ್ದು, ನಿಮ್ಮ ಅಂಗಡಿಯಲ್ಲಿ ರಿಪೇರಿ ಆಗುವುದಿಲ್ಲ ಅಂದೆ.” ತಮ್ಮ ಮಾತಿಗೆ ತಾವೇ ನಕ್ಕು, ಕೊಡದೊಳಗೆ ಬಗ್ಗಿ ನೋಡುತ್ತಾರೆ. “ಎಂತ ಸೇಸಕ್ಕ, ಇವತ್ತು ಅರ್ಧ ಕೊಡ?”

“ಹಗ್ಗ ಒದ್ದೆಯಿತ್ತು. ಜಾರಿತು.”

ಖದೀಜ ಹಗ್ಗದ ಕಡೆ ಒಮ್ಮೆ ನೋಡಿ, ಒಲೆಗೆ ಇನ್ನೊಂದು ಗರಿ ನೂಕುತ್ತಾರೆ.

ಗುರುವಾರವೆಂದರೆ ಇಲ್ಲಿ ಬಳೆಯ ದಿನ. ಮಂಗಳೂರಿನಿಂದ ಲೇಡಿ ಡಾಕ್ಟರು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತಾರೆ. ಸೋಮವಾರ ಶಿರ್ತಾಡಿ, ಬುಧವಾರ ಲಾಯಿಲ. ಅಲ್ಲೆಲ್ಲ ಸೇಸಮ್ಮ ಒಬ್ಬರೇ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಹೊಸದಾಗಿ ಅಳತೆ ನೋಡುವುದು, ಹಾಕಿದ ಬಳೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದು ತೊಳೆಯುವುದು, ಒಳಗೆ ಹುಣ್ಣಾಗಿದೆಯೇ ಎಂದು ನೋಡುವುದು, ರಬ್ಬರು ಹಳತಾಗಿ ಗಟ್ಟಿಯಾಗಿದ್ದರೆ ಬದಲಿಸುವುದು ಎಲ್ಲವೂ ಅವರ ಕೆಲಸ. ಹುಣ್ಣು, ರಕ್ತ ಕಂಡವರನ್ನು ಮಾತ್ರ ಗುರುವಾರಕ್ಕೆಂದು ಇಟ್ಟು ಡಾಕ್ಟರಿಗೆ ತೋರಿಸುತ್ತಾರೆ. ಹೆರಿಗೆಯ ಕರೆ ಬಂದರೆ ಇದೆಲ್ಲವನ್ನೂ ಬಿಟ್ಟು ಓಡಬೇಕು. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು, ಹುಲ್ಲು ಒಟ್ಟಿ, ಎರಡನೆಯ ಬೆಳೆಯಾದ ಸುಗ್ಗಿ ಬೇಸಾಯಕ್ಕೆ ಗೊಬ್ಬರ ಹೊರುವ ಮುಂಚಿನ ಈ ಕೆಲವು ವಾರಗಳಲ್ಲಿ ಜಗಲಿ ತುಂಬಿಹೋಗುತ್ತದೆ. “ಮೈ ಜಾರಿದ್ದು ಆಟಿ ತಿಂಗಳ ಮಳೆಯಲ್ಲಿ, ನೇಜಿ ನೆಡುವಾಗ. ಬರುವುದು ಈಗ. ಗದ್ದೆ ರಜೆ ಕೊಡ್ಬೇಕಲ್ಲ, ಮಾರಾಯ್ತಿ” ಎನ್ನುತ್ತಾರೆ ಸೇಸಮ್ಮ.

ಅಳತೆ ನೋಡುವುದು ಹೇಗೆಂದು ಕೇಳಿದರೆ ಅವರು ಬಾಯಿಗಿಂತ ಮೊದಲು ಕೈ ಮುಂದೆ ಮಾಡುತ್ತಾರೆ. ಬಲಗೈಯ ಎರಡು ಬೆರಳು ಒಳಗೆ, ಹಿಂಬದಿಯ ಮೆತ್ತನೆಯ ಕುಳಿ ಸಿಗುವವರೆಗೆ. ಮುಂದಿನ ಎಲುಬು ಕೈಗೆ ತಾಗುವ ಕಡೆ ಇನ್ನೊಂದು ಕೈಯ ಹೆಬ್ಬೆರಳಿನಿಂದ ಗುರುತು. ಕೈ ಹೊರಗೆ ತೆಗೆದು, ಆ ಉದ್ದಕ್ಕೆ ಬಳೆಗಳನ್ನು ಹಿಡಿದು ನೋಡಿ, ಸರಿಹೋಗುವುದನ್ನು ಆರಿಸಬೇಕು. ಮಂಗಳೂರಿನ ಡಾಕ್ಟರಮ್ಮನೇ ಪಕ್ಕದಲ್ಲಿ ನಿಂತು ಕಲಿಸಿದ್ದು, ತಪ್ಪಿದಾಗ ಬೈದು ತಿದ್ದಿದ್ದು ಎಂದು ಅವರು ಮರೆಯದೆ ಹೇಳುತ್ತಾರೆ.

“ಅದು ಬರೀ ಸುರು ಅಷ್ಟೆ. ಹಾಕಿದ ಮೇಲೆ ಬಳೆಗೂ ಮೈಗೂ ನಡುವೆ ನನ್ನ ಬೆರಳು ಒಂದು ಸುತ್ತು ಬರಬೇಕು. ಬೆರಳು ಹೋಗದಿದ್ದರೆ ದೊಡ್ಡದಾಯ್ತು. ಬೆರಳಿನ ಒಟ್ಟಿಗೆ ಬಳೆಯೂ ಬಂದರೆ ಸಣ್ಣದಾಯ್ತು. ಮತ್ತೆ ಎಬ್ಬಿಸುವುದು. ಕೆಮ್ಮು, ಕುಕ್ಕರುಗಾಲಲ್ಲಿ ಕೂರು, ತಿಣುಕು, ನಡೆ. ಮೂತ್ರ ಸಲೀಸಾಗಿ ಹೋಗದೆ ಒಬ್ಬರನ್ನೂ ಬಸ್ಸು ಹತ್ತಿಸುವುದಿಲ್ಲ ನಾನು.”

ಅದರ ಮೇಲೆ ಬಾವಿಯ ಪರೀಕ್ಷೆ. ಮಂಚದ ಮೇಲೆ ಮಲಗಿದವಳಿಗೆ ಸರಿಹೊಂದಿದ ಬಳೆ ಗದ್ದೆ ಬದುವಿನ ಹುಣಿಯಲ್ಲಿ ನಡೆಯುವವಳಿಗೂ ಹೊಂದಬೇಕಲ್ಲ. ಪ್ರತಿಯೊಬ್ಬಳೂ ಹಿತ್ತಲಿಗೆ ಹೋಗಿ ಒಂದು ಕೊಡ ನೀರು ಸೇದಿ, ಸೊಂಟಕ್ಕಿಟ್ಟು, ಜಗಲಿಯವರೆಗೆ ತರಬೇಕು. ಕೇಂದ್ರದ ಹಂಡೆ ಗುರುವಾರ ತುಂಬುವುದೇ ಹೀಗೆ. “ನಮಗೆ ನೀರು ಹೊರುವ ಕೆಲಸ ತಪ್ಪಿತು ಅಂತ ಸೇಸಕ್ಕನ ಉಪಾಯ” ಎಂದು ಖದೀಜ ಛೇಡಿಸುತ್ತಾರೆ. ಕೊಡ ಇಳಿಸಿದವಳನ್ನು ಸೇಸಮ್ಮ ಕೇಳುವುದು ಒಂದೇ ಪ್ರಶ್ನೆ: “ಎಲ್ಲಿ ಉಂಟು, ಗೊತ್ತಾಗ್ತದಾ?” ಗೊತ್ತಾಗುವುದಿಲ್ಲ ಎಂದರೆ ಮನೆಗೆ. ಗೊತ್ತಾಗುತ್ತದೆ ಎಂದರೆ ಪುನಃ ಮಂಚಕ್ಕೆ, ಇನ್ನೊಂದು ಅಳತೆ. “ಹಾಕಿದ್ದು ಮರೆತುಹೋಗಬೇಕು. ನೆನಪಾಗ್ತಾ ಇದ್ದರೆ ಅಳತೆ ತಪ್ಪಿದೆ ಅಂತಲೇ ಲೆಕ್ಕ.”

ಬಳೆಯ ಅಳತೆಯಲ್ಲೂ ಮಾನ ಅಪಮಾನ ಹುಡುಕುವವರು ಇದ್ದಾರೆ. ಶಿರ್ತಾಡಿಯ ಪದ್ಮಾಕ್ಷಿ ಎಂಬವರು ತಮಗಿಂತ ತಮ್ಮ ನಾದಿನಿಗೆ ದೊಡ್ಡ ಬಳೆ ಬಂತೆಂದು ಮುನಿಸಿಕೊಂಡು ಹೋದದ್ದನ್ನು ಸೇಸಮ್ಮ ನಗುತ್ತ ನೆನೆಯುತ್ತಾರೆ. “ಏಳು ಹೆತ್ತವಳು ನಾನು, ಅವಳು ಹೆತ್ತದ್ದು ಎರಡು. ನನಗೆ ಇಷ್ಟೇನಾ ಅಂತ! ನಾನು ಹೇಳಿದೆ, ಅಮ್ಮಾ, ಬಳೆಗಾರ ನಿಮ್ಮ ಕೈ ಹಿಚುಕಿ ನೋಡಿ ಬಳೆ ತೊಡಿಸ್ತಾನೋ, ನಿಮಗೆ ಗದ್ದೆ ಎಷ್ಟುಂಟು ಅಂತ ಕೇಳಿ ತೊಡಿಸ್ತಾನೋ?” ದಪ್ಪಗಿದ್ದವಳಿಗೆ ದೊಡ್ಡದಲ್ಲ, ಹೆಚ್ಚು ಹೆತ್ತವಳಿಗೆ ದೊಡ್ಡದಲ್ಲ, ಹಿಂದೆ ಹಾಕಿದ್ದೇ ಮುಂದೆಯೂ ಅಲ್ಲ. ಮುಟ್ಟು ನಿಂತ ಮೇಲೆ ಮೈ ಬದಲಾಗುತ್ತದೆ, ಆಗ ಅಳತೆಯೂ ಬದಲಾಗುತ್ತದೆ. ಇದನ್ನು ಎಲ್ಲರಿಗೂ ಒತ್ತಿ ಹೇಳುವ ಸೇಸಮ್ಮ, ಹೇಳುವಾಗಲೆಲ್ಲ ಈಚೆಗೆ ಸೆರಗು ಸರಿಮಾಡಿಕೊಳ್ಳುತ್ತಾರೆ.

ಅವರು ಹುಟ್ಟಿದ್ದು ಲಾಯಿಲದ ಬಳಿಯ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ. ಹದಿನೈದಕ್ಕೆ ಮದುವೆ. ಮರುವರ್ಷ ಹೆರಿಗೆ, ಎರಡು ರಾತ್ರಿ ನೋವು ತಿಂದರೂ ಮಗು ಉಳಿಯಲಿಲ್ಲ. ಗಂಡ ಸಂಕಪ್ಪ ಬೊಂಬಾಯಿಯ ಹೋಟೆಲು ಸೇರಿದರು, ಈಗಲೂ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. “ನನ್ನ ಹಾಗೆ ಇನ್ನೊಬ್ಬಳು ಒದ್ದಾಡಬಾರದು ಅಂತ ಸೂಲಗಿತ್ತಿ ತರಬೇತಿಗೆ ಹೋದೆ” ಎಂದು ಕೇಳಿದವರಿಗೆಲ್ಲ ಹೇಳುತ್ತಾರೆ. ಹೇಳದೆ ಬಿಡುವ ಅರ್ಧವೂ ಒಂದುಂಟು. ಹೆತ್ತು ಬಾಣಂತನ ಮುಗಿಯುವ ಮೊದಲೇ ಅವರು ಗೊಬ್ಬರದ ಬುಟ್ಟಿ ಹೊತ್ತಿದ್ದರು. ಹುಣಿ ದಾಟುವಾಗ ಮೊದಲ ಸಲ ಕೆಳಗೆ ಬಂತು. ಬುಟ್ಟಿ ಇಳಿಸದೆ ಗದ್ದೆಯವರೆಗೂ ನಡೆದರು. ವರ್ಷಗಟ್ಟಲೆ ಬಟ್ಟೆ ಬಿಗಿದು ಕಟ್ಟಿಕೊಂಡೇ ಕಳೆದರು. ಮಂಗಳೂರಿನಲ್ಲಿ ತರಬೇತಿ ಮುಗಿಯುವ ತಿಂಗಳು, ನಡೆಯುವ ರೀತಿ ನೋಡಿಯೇ ಗುರುತಿಸಿದ ಹಿರಿಯ ದಾದಿಯೊಬ್ಬರು ಬಾಗಿಲು ಹಾಕಿ ಬಳೆ ಹಾಕಿದರು. “ಆಗಾಗ ಯಾರಿಂದಲಾದರೂ ಅಳತೆ ನೋಡಿಸಿಕೋ” ಎಂದಿದ್ದರು. ಆ ದಾದಿ ಈಗಿಲ್ಲ. ತೆಗೆದು, ತೊಳೆದು, ಹಳತಾದಾಗ ಅದೇ ಅಳತೆಯ ಹೊಸತನ್ನು ಹಾಕಿಕೊಂಡು ಸೇಸಮ್ಮ ಹನ್ನೆರಡು ವರ್ಷ ನಡೆದಿದ್ದಾರೆ. ಯಾರಿಂದಲೂ ನೋಡಿಸಿಕೊಂಡಿಲ್ಲ.

ಈ ವರ್ಷ ಮುಟ್ಟು ನಿಂತಿತು. ಬಳೆ ಜಾರತೊಡಗಿತು. ಹೋದ ತಿಂಗಳು ಬಾಗಿಲು ಹಾಕಿಕೊಂಡು ತಾವೇ ಅಳೆಯಲು ನೋಡಿದರು. ತನ್ನ ಮೈಗೆ ತಾನೇ ಕೈ ತಿರುಚಿ ಹಿಡಿದಾಗ ಬೆರಳು ಹಿಂದಿನ ಕುಳಿಯವರೆಗೆ ಹೋಗುವುದಿಲ್ಲ. ಅಂದಾಜಿಗೆ ದೊಡ್ಡದೊಂದನ್ನು ಹಾಕಿಕೊಂಡರು. ಮಧ್ಯಾಹ್ನದೊಳಗೆ ಮೂತ್ರ ಕಟ್ಟಿ, ಕಣ್ಣು ಕತ್ತಲೆ ಬಂದು, ತೆಗೆದು ಹಳೆಯದನ್ನೇ ಹಾಕಬೇಕಾಯಿತು. ಡಾಕ್ಟರಮ್ಮನಿಗೆ ಹೇಳಿದರೆ ಐದು ನಿಮಿಷದ ಕೆಲಸ. ಆದರೆ ಕೋಣೆಗೂ ಜಗಲಿಗೂ ನಡುವೆ ಇರುವುದು ಒಂದು ಬಟ್ಟೆಯ ಪರದೆ. ತನ್ನ ಬಳೆ ನಿಲ್ಲಿಸಿಕೊಳ್ಳಲಾಗದವಳ ಕೈಗೆ ಮೈ ಕೊಡುವುದು ಹೇಗೆಂದು ಜಗಲಿ ಕೇಳಿದರೆ? ಈ ಹೆಂಗಸರು ಮನೆಯವರ ಕಣ್ಣು ತಪ್ಪಿಸಿ ಇಷ್ಟು ದೂರ ಬರುವುದೇ ಒಂದು ನಂಬಿಕೆಯ ಮೇಲೆ.

ಬಿಸಿಲು ಏರುವ ಹೊತ್ತಿಗೆ ಜಗಲಿಯ ಬೆಂಚುಗಳು ತುಂಬಿವೆ. ಎದುರಿನ ಶೀನಪ್ಪನ ಹೋಟೆಲಿನಲ್ಲಿ ಬ್ಯಾಟರಿ ರೇಡಿಯೋದ ಸುತ್ತ ಗಂಡಸರು ಗೋವಾದ ಪೋರ್ಚುಗೀಸರ ಸುದ್ದಿಗೆ ಕಿವಿಯಾಗಿ ನಿಂತಿದ್ದಾರೆ. “ಒಳ್ಳೆಯದೇ ಆಯ್ತು, ಈ ಕಡೆ ನೋಡುವವರಿಲ್ಲ” ಎಂದು ಒಬ್ಬಾಕೆ ಹೇಳಿದ್ದಕ್ಕೆ ಜಗಲಿಯೆಲ್ಲ ನಗುತ್ತದೆ.

ನಗದೆ ಕುಳಿತವಳು ಒಬ್ಬಳು. ಕಾಂತಿ, ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ, ಮೂರು ಮಕ್ಕಳ ತಾಯಿ. ಬೆಂಚಿನ ಮೇಲೆ ಒಂದೇ ಮಗ್ಗುಲಿಗೆ ಭಾರ ಹಾಕಿ ಕುಳಿತಿದ್ದಾಳೆ. ಜೊತೆಗೆ ಅವಳ ತಾಯಿ ಪ್ರೇಮಾವತಿ, ಅಂಚಿನ ಸೀರೆ, ಕೊರಳಲ್ಲಿ ಕರಿಮಣಿಯ ಜೊತೆ ಹವಳದ ಸರ. ಶಿರ್ತಾಡಿಯ ಕಡೆಯ ಜಮೀನುದಾರರ ಮನೆಯವರು. ಸೋಮವಾರ ಸೇಸಮ್ಮ ಶಿರ್ತಾಡಿಗೇ ಹೋಗುತ್ತಾರೆ. ಆದರೆ ಅಲ್ಲಿ ಕಂಡವರೆಲ್ಲ ನೆಂಟರೇ ಎಂದು ಇವರು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದಾರೆ.

“ಇವಳಿಗೆ ಎಂತ ಇಲ್ಲ ನರ್ಸಕ್ಕ, ಸ್ವಲ್ಪ ಸೊಂಟ ನೋವು, ಬಿಳಿ ಹೋಗ್ತದೆ” ಎನ್ನುತ್ತಾರೆ ಒಳಗೆ ಬಂದ ಪ್ರೇಮಾವತಿ. “ಒಂದು ಟಾನಿಕ್ ಬರೆದುಕೊಟ್ಟರೆ ನಾವು ಹೋಗುವ.”

ಖದೀಜ ಮೂಗಿಗೆ ಸೆರಗು ತಾಗಿಸಿ ಸೇಸಮ್ಮನ ಮುಖ ನೋಡುತ್ತಾರೆ. ವಾಸನೆ ಸೇಸಮ್ಮನಿಗೂ ಸಿಕ್ಕಿದೆ, ಬಳೆ ಒತ್ತಿ ಹುಣ್ಣಾದ ಮೈಯ ವಾಸನೆ; ಇವಳಿಗೆ ಬಳೆ ಹಾಕಿದ ನೆನಪು ಅವರಿಗಿಲ್ಲ. ಸೀರೆಯ ಹಿಂದೆ ಒಂದು ಕಲೆ, ಬಿಳಿಯದ್ದಲ್ಲ.

“ಬಳೆ ಯಾರದ್ದು?” ಎನ್ನುತ್ತಾರೆ ನೇರವಾಗಿ.

ತಾಯಿ ಮಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಅಡಗಿಸಿ ಪ್ರಯೋಜನವಿಲ್ಲವೆಂದು ಕಂಡ ಮೇಲೆ ಪ್ರೇಮಾವತಿಯವರ ದನಿಗೆ ಅಭಿಮಾನವೇ ಬರುತ್ತದೆ. “ನನ್ನದೇ. ಹೋದ ವರ್ಷ ನನಗೆ ಮಂಗಳೂರಿನಲ್ಲಿ ಆಪರೇಶನ್ ಆಯ್ತಲ್ಲ, ಬಳೆ ಒಳ್ಳೆದಿತ್ತು, ಬಿಸಾಡುವುದು ಯಾಕೆ? ಅರಶಿನ ಹಾಕಿ ಕುದಿಸಿ ಇವಳಿಗೆ ಕೊಟ್ಟೆ. ನಮ್ಮಲ್ಲಿ ತಾಯಿದು ಮಗಳಿಗಲ್ಲದೆ ಮತ್ತೆ ಯಾರಿಗೆ? ಸೊಸೆಗಾ?”

ಅಳಿಯಸಂತಾನದ ಮನೆ ಅವರದು. ಗದ್ದೆ, ಚಿನ್ನ, ಮನೆತನದ ಹೆಸರು ಎಲ್ಲವೂ ತಾಯಿಯಿಂದ ಮಗಳ ದಾರಿಯಲ್ಲೇ ಹರಿಯುವುದು. ಆ ದಾರಿಯಲ್ಲೇ ಇದೂ ಹರಿದಿದೆ, ಪ್ರೀತಿಯಿಂದಲೇ.

“ಆಸ್ತಿ ತಾಯಿಯಿಂದ ಬರ್ತದೆ ಅಮ್ಮಾ. ಅಳತೆ ಬರುವುದಿಲ್ಲ” ಎನ್ನುತ್ತಾರೆ ಸೇಸಮ್ಮ. ಪ್ರೇಮಾವತಿಯವರ ಮುಖ ಬಾಡಿದ್ದು ಕಂಡು ದನಿ ತಗ್ಗಿಸುತ್ತಾರೆ. “ನಿಮ್ಮ ಪ್ರೀತಿಯೂ ದೊಡ್ಡದು, ಬಳೆಯೂ ದೊಡ್ಡದು. ಪ್ರೀತಿ ಇರಲಿ. ಬಳೆ ತೆಗೆಯುವ.”

ತೆಗೆಯುವ ಮಾತು ಬಂದದ್ದೇ ಕಾಂತಿ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. “ತೆಗೆಯುವುದು ಬೇಡ.”

“ಒಳಗೆ ಗಾಯ ಆಗಿದೆ ಮಗಾ. ಬಳೆ ಒತ್ತಿ ಒತ್ತಿ ಮಾಂಸ ಕೊರೀತಾ ಉಂಟು. ಹೀಗೇ ಬಿಟ್ಟರೆ ಮೂತ್ರಚೀಲಕ್ಕೋ ಹಿಂದಿನ ಕರುಳಿಗೋ ತೂತು ಬೀಳ್ತದೆ. ಮತ್ತೆ ಜೀವಮಾನ ಇಡೀ ಸೋರುವುದೇ.”

“ತೆಗೆದರೆ ಮತ್ತೆ ಕೆಳಗೆ ಬರ್ತದೆ. ನಾನು ನಿಲ್ಲುವುದು ಹೇಗೆ, ಮಗುವನ್ನು ಎತ್ತುವುದು ಹೇಗೆ?”

“ಮೂರು ನಾಲ್ಕು ವಾರ ಮದ್ದಿನ ಬಟ್ಟೆ ಇಡುವ. ಭಾರ ಎತ್ತುವುದು ಬೇಡ. ಗಾಯ ಮಾಗಿದ ಮೇಲೆ ನಿನ್ನದೇ ಅಳತೆ ನೋಡಿ ಹಾಕುವ. ಹಾಕಿದ್ದೇ ಮರೆತುಹೋಗ್ತದೆ.”

“ಮರೆತುಹೋಗ್ತದಂತೆ!” ಕಾಂತಿಯ ದನಿ ಪರದೆ ದಾಟುತ್ತದೆ. “ಹೇಳಲಿಕ್ಕೆ ನಿಮಗೆ ಸುಲಭ. ಕೈ ಹಾಕುವವರಿಗೆ ಎಂತ ಗೊತ್ತು? ಹೊತ್ತುಕೊಂಡು ನಡೆಯುವವರಿಗೆ ಗೊತ್ತು. ಇಪ್ಪತ್ತೈದಕ್ಕೇ ಮುದುಕಿಯ ಕಾಯಿಲೆ ಬಂತಲ್ಲ ಅಂತ ಒಳಗೇ ಸಾಯುವುದು ಎಂತ ಅಂತ ನಿಮಗೆ ಗೊತ್ತುಂಟಾ?”

“ಅಲ್ಲಾ, ಎಂತ ಮಾತು ಮಗಳೇ!” ಎಂದು ಖದೀಜ ಮುಂದೆ ಬರುತ್ತಾರೆ. ಸೇಸಮ್ಮ ಕೈ ಅಡ್ಡ ಹಿಡಿಯುತ್ತಾರೆ. ಕಾಂತಿ ಜಗಲಿಗೆ ನಡೆದು, ಬೆಂಚಿನ ತುದಿಯಲ್ಲಿ ಮತ್ತೆ ಒಂದೇ ಮಗ್ಗುಲಿಗೆ ಕೂರುತ್ತಾಳೆ. “ಬಸ್ಸು ಬಂದ ಕೂಡಲೇ ಹೋಗುವ, ಅಮ್ಮ.” ಪ್ರೇಮಾವತಿ ಹವಳದ ಸರವನ್ನು ಬೆರಳಲ್ಲಿ ಹೊರಳಿಸುತ್ತ ಅಂಗಳ ನೋಡುತ್ತಾರೆ. ಜಗಲಿಯಲ್ಲಿ ಇನ್ನೊಬ್ಬಳೂ ತನ್ನ ಚೀಲ ಕೈಗೆತ್ತಿಕೊಂಡಿದ್ದಾಳೆ. ಎದುರಿನ ರೇಡಿಯೋ ಮಾತ್ರ ಮಾತಾಡುತ್ತಿದೆ.

ಸೇಸಮ್ಮ ಟ್ರೇಯಲ್ಲಿ ಬಳೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಜೋಡಿಸಿದ್ದನ್ನು ಕೆಡಿಸಿ ಮತ್ತೆ ಜೋಡಿಸುತ್ತಾರೆ. ಈ ಕೆಲಸದಲ್ಲಿ ನಿಮಗೇನು ಬೇಕೆಂದು ಯಾರಾದರೂ ಕೇಳಿದರೆ ಅವರು ಯಾವಾಗಲೂ ಹೇಳುವುದು, “ಎಲ್ಲಾ ಅಳತೆಯದ್ದೂ ಎರಡೆರಡು ಇದ್ದರೆ ಸಾಕಿತ್ತು” ಎಂದು. ಇವತ್ತು ಎಲ್ಲ ಅಳತೆಯದ್ದೂ ಇದೆ. ಹಾಕಿಸಿಕೊಳ್ಳಬೇಕಾದವಳು ಬಸ್ಸಿಗೆ ಕಾಯುತ್ತಿದ್ದಾಳೆ.

ಬಂಟ್ವಾಳದ ಕಡೆಯಿಂದ ಬಸ್ಸಿನ ಹಾರ್ನು ಕೇಳುತ್ತದೆ. ಡಾಕ್ಟರಮ್ಮ ಇಳಿದು, ಕೊಡೆಯನ್ನು ಗೋಡೆಗೆ ಒರಗಿಸಿ, ಖದೀಜ ಎರೆದ ನೀರಿನಲ್ಲಿ ಸಾಬೂನು ಹಚ್ಚಿ ಕೈ ತೊಳೆಯುತ್ತಾರೆ. ಬಸ್ಸು ಕೊನೆಯ ನಿಲ್ದಾಣದವರೆಗೆ ಹೋಗಿ ತಿರುಗಿ ಬರಲು ಅರ್ಧ ಗಂಟೆಯಾದರೂ ಬೇಕು. ಕಾಂತಿಯನ್ನು ತಡೆಯಲು ಇರುವುದು ಅಷ್ಟೇ ಸಮಯ.

“ಮೊದಲು ಯಾರು?” ಎನ್ನುತ್ತಾರೆ ಡಾಕ್ಟರಮ್ಮ.

ಯಾರೂ ಏಳುವುದಿಲ್ಲ. ಬೆಂಚಿನಲ್ಲಿ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿಯುತ್ತಾಳೆ. ಕಾಂತಿ ರಸ್ತೆಯ ಕಡೆ ಮುಖ ಮಾಡಿದ್ದಾಳೆ.

ಸೇಸಮ್ಮ ಬಿಳಿ ಏಪ್ರನ್ನಿನ ಗಂಟು ಬಿಚ್ಚುತ್ತಾರೆ. ಅದನ್ನು ಮಡಚಿ ಖದೀಜರ ಕೈಗೆ ಕೊಡುತ್ತಾರೆ. ಪರದೆ ಎಳೆಯಲು ಖದೀಜ ಕೈ ಎತ್ತಿದಾಗ, “ಅದು ಇರಲಿ, ಸ್ವಲ್ಪ ಹೊತ್ತು” ಎನ್ನುತ್ತಾರೆ. ಇಷ್ಟು ವರ್ಷ ಬೇರೆಯವರನ್ನು ಹತ್ತಿಸಿದ ಆ ಎತ್ತರದ ಮಂಚದ ಅಂಚನ್ನು ಹಿಡಿದು, ಮೆಟ್ಟಿಲಿನ ಮೇಲೆ ಕಾಲಿಟ್ಟು, ಹತ್ತಿ ಕೂರುತ್ತಾರೆ.

“ನೀವಾ?” ಡಾಕ್ಟರಮ್ಮನ ಕೈಯಿಂದ ನೀರು ತೊಟ್ಟಿಕ್ಕುತ್ತಿದೆ. “ಏನಾಯ್ತು ಸೇಸಮ್ಮ?”

ಜಗಲಿ ಈ ಕಡೆ ತಿರುಗಿದೆ. ಚೀಲ ಎತ್ತಿಕೊಂಡವಳು ಅದನ್ನು ಕೆಳಗಿಟ್ಟಿದ್ದಾಳೆ. ಕಾಂತಿ ಬೆಂಚಿನಿಂದ ಎದ್ದು, ಒಂದು ಕೈಯಲ್ಲಿ ನೆರಿಗೆ ಹಿಡಿದುಕೊಂಡೇ, ಮುಂದಿನ ಸರದಿಯವರು ನಿಲ್ಲುವ ಜಾಗದವರೆಗೆ ಬಂದು ನಿಲ್ಲುತ್ತಾಳೆ. ಸೇಸಮ್ಮ ಡಾಕ್ಟರಮ್ಮನ ಮುಖ ನೋಡಿ, ಆದರೆ ಜಗಲಿಯ ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ:

“ನನಗೂ ಕೆಳಗೆ ಬರ್ತದೆ, ಡಾಕ್ಟರಮ್ಮ. ಹನ್ನೆರಡು ವರ್ಷದಿಂದ ನಾನೂ ಬಳೆ ಹಾಕ್ತೇನೆ. ಈಗ ಅಳತೆ ತಪ್ಪಿದೆ, ನೋಡಿ.”